ಬಂದದೋ, ಬಂದ್ ಅದೋ

"ಬಾಯಿ ದೊಡ್ಡದಿದ್ದ ಮಾತ್ರಕ್ಕ ಯಾರೂ ಬಾಯಿ ಆಗಂಗಿಲ್ಲ" ಎಂದು ಮೊದಲು ಹೇಳಿದವನು ನಮ್ಮ ಮಾಳಪ್ಪ ಮಾಮಾ, ನನ್ನ ಅವ್ವನ ತಮ್ಮ, ನಾನು ಬೆಳೆದದ್ದು ಅವನ ಮನೆಯಲ್ಲೇ. ನಾನು ಹನ್ನೆರಡನೇ ಇಯತ್ತೆ ಪಾಸಾಗಿ, ಮುಂದೆ ಡಿಗ್ರಿ ಓದಿ, ಬಿ.ಎಡ್. ಮಾಡಿ ಶಿಕ್ಷಕಿ ಆಗ್ತೀನಿ ಎಂದ ದಿನ ಅವನು ಅಂಗಳದಲ್ಲಿ ಕುಂತು ಒಂದು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ತಲೆ ಕೂಡ ಎತ್ತದೆ ಹೇಳಿದ. ಆಮೇಲೆ ಆ ಮಾತು ನಮ್ಮೂರು ವಲಾಂಡಿಯ ಓಣಿ ಓಣಿ ತಿರುಗಿತು. ಎಷ್ಟರ ಮಟ್ಟಿಗೆ ಎಂದರೆ ಬಸ್ ನಿಲ್ಲುವಲ್ಲಿಯ ಚಹಾದ ಅಂಗಡಿಯವನು ಒಂದು ದಿನ ಅದನ್ನು ತನ್ನದೇ ಮಾತು ಎನ್ನುವ ಹಾಗೆ ನನ್ನ ಮುಂದೆ ಹೇಳಿ, ನಾನು ನಗಲಿಲ್ಲ ಎಂದು ಬೇಜಾರು ಮಾಡಿಕೊಂಡ.

ನಮ್ಮ ಕಡೆಯವರಲ್ಲದವರಿಗೆ ಈ ಮಾತಿನ ರುಚಿ ಹತ್ತಲಿಕ್ಕಿಲ್ಲ. ಗಡಿಯಾಚೆ ಮರಾಠಿ ಸೀಮೆಯಲ್ಲಿ ವಲಾಂಡಿ, ದೇವಣಿ, ನಿಲಂಗಾ, ಉದಗೀರ ಎಂದು ಹೊರಟರೆ ನಮ್ಮದು ಮನೆಯೊಳಗೆ ಕನ್ನಡ, ಶಾಲೆಯೊಳಗೆ ಮರಾಠಿ, ಜಗಳಕ್ಕೆ ಎರಡೂ. ಮರಾಠಿ ಶಾಲೆಯಲ್ಲಿ ಶಿಕ್ಷಕಿಗೆ "ಬಾಯಿ" ಎನ್ನುತ್ತಾರೆ. ನಾನು ಒಂದನೇ ಇಯತ್ತೆಗೆ ಹೋದ ಮೊದಲ ದಿನ ಯಾರೋ ಹಿರಿಯರು "ಬಾಯಿಗೆ ನಮಸ್ಕಾರ ಮಾಡು" ಎಂದರು. ನನಗೆ ಗೊತ್ತಿದ್ದ ಬಾಯಿ ಒಂದೇ. ಎರಡೂ ಕೈ ಜೋಡಿಸಿ ನನ್ನ ಬಾಯಿಗೆ ಮುಟ್ಟಿಸಿಕೊಂಡು ಭಕ್ತಿಯಿಂದ ಕಣ್ಣು ಮುಚ್ಚಿ ನಿಂತೆ. ಆ ನಮಸ್ಕಾರ ನನ್ನ ಬಾಯಿಗೆ ತಲುಪಿತು ಎಂದೇ ಕಾಣುತ್ತದೆ. ಅವತ್ತಿನಿಂದ ಅದು ಸುಮ್ಮನೆ ಕುಂತಿದ್ದೇ ಇಲ್ಲ.

ಈ ಕನ್ನಡ ಅಕ್ಷರಗಳೂ ಶಾಲೆಯಲ್ಲಿ ಸಿಕ್ಕವಲ್ಲ. ಭಾಲ್ಕಿ ಕಡೆಯಿಂದ ಮಾಮಾನಿಗೆ ಹೆಂಡತಿಯಾಗಿ ಬಂದ ಮಾಮಿ ಏಳರವರೆಗೆ ಓದಿದಾಕೆ. ಪರಾತದಲ್ಲಿ ಜೋಳದ ಹಿಟ್ಟು ಹರಡಿ ಅದರ ಮೇಲೆ ಬೆರಳಿನಿಂದ ಬರೆದು ಕಲಿಸಿದಳು. ಆಕೆ ಬರೆಯುವುದು, ನಾನು ಓದುವುದು, ಆಮೇಲೆ ಆಕೆ ಅಳಿಸಿ ಅದನ್ನೇ ರೊಟ್ಟಿ ಬಡಿಯುವುದು. ನನ್ನ ಅಕ್ಷರ ಇವತ್ತಿಗೂ ರೊಟ್ಟಿಯ ಹಾಗೆ ದುಂಡಗೆ ಇರುವುದಕ್ಕೆ, ಅಲ್ಲಲ್ಲಿ ಹರಿದಿರುವುದಕ್ಕೆ ಅದೇ ಕಾರಣ.

ನಮ್ಮದು ಬೀರಪ್ಪನ ಒಕ್ಕಲು. ಕುರಿ, ಒಂದಿಷ್ಟು ಹೊಲ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ, ವಿನಯ ತೋರಿಸಲು ನನಗೆ ಬರುವುದಿಲ್ಲ, ಅದಕ್ಕೆ ಬೇರೆ ಕೋರ್ಸ್ ಇರಬೇಕು. ಆದರೆ ಒಂದು ಮಾತು ಮುಚ್ಚಿಡಬಾರದು. ಉದಗೀರದ ಕಾಲೇಜಿಗೆ ಹೋಗುವ ಬಸ್ಸು ನಮ್ಮ ಊರಿಗೆ ಬರುವ ಹೊತ್ತು ಯಾವ ಪಂಚಾಂಗದಲ್ಲೂ ಇಲ್ಲ. ನಾನು ತಲೆ ಬಾಚಿಕೊಳ್ಳುವುದರೊಳಗೆ ಅದು ಬಂದು, ಕಾಯದೆ ಹೊರಟುಬಿಡುತ್ತಿತ್ತು. ಆಗ ಮಾಮಾ ಏನು ಮಾಡುತ್ತಿದ್ದ ಎಂದರೆ, ಊರ ಹೊರಗಿನ ತಿರುವಿನಲ್ಲಿ ತನ್ನ ಕುರಿಹಿಂಡನ್ನೆಲ್ಲ ರಸ್ತೆಗೆ ಬಿಟ್ಟುಬಿಡುತ್ತಿದ್ದ. ಡ್ರೈವರು ಹಾರ್ನ್ ಒತ್ತಿ ಒತ್ತಿ ಸಾಕಾಗುವ ಹೊತ್ತಿಗೆ ನಾನು ಓಡಿ ಹೋಗಿ ಹತ್ತುತ್ತಿದ್ದೆ. ಒಮ್ಮೆ ಕೇಳಿದೆ, ನನಗಾಗಿ ನಿಲ್ಲಿಸ್ತಿಯೇನು ಮಾಮಾ ಎಂದು. ನಿನಗ್ಯಾಕ ನಿಲ್ಲಿಸಲಿ, ಕುರಿ ದಾಟಬೇಕಿತ್ತು ಎಂದ. ಸಂಜೆಗೆ ನಾನು ಬಸ್ಸಿಳಿದರೆ ಮಾಮಿಗೆ ಕೇಳುವಂತೆ ಕೂಗುತ್ತಿದ್ದ, "ಪೋರಿ ಬಂದದ, ಚಹಾಕ್ಕ ಇಡು." ನಮ್ಮಲ್ಲಿ ಸಲಿಗೆಯ ಹೆಣ್ಣುಮಕ್ಕಳಿಗೆ ಬಂದಾಳ ಎನ್ನುವುದಿಲ್ಲ, ಬಂದದ ಎನ್ನುತ್ತಾರೆ. ಕರುವಿಗೆ, ಬಸ್ಸಿಗೆ, ಕರೆಂಟಿಗೆ ಅಂದ ಹಾಗೆಯೇ.

ಹೀಗೆ ಕುರಿಗಳ ಸಹಾಯದಿಂದ ಬಿ.ಎಸ್ಸಿ. ಮುಗಿಯಿತು. ಬಿ.ಎಡ್. ಮಾತ್ರ ಕಡೆಯ ಮೆಟ್ಟಿಲಲ್ಲಿ ಕಾಲು ಹಿಡಿದು ಎಳೆಯಿತು. ಬಿ.ಎಡ್.ನಲ್ಲಿ ಕೊನೆಗೆ ಒಂದು ಪಾಠದ ಪರೀಕ್ಷೆ ಇರುತ್ತದೆ. ಗೊತ್ತಿಲ್ಲದ ಶಾಲೆ, ಗೊತ್ತಿಲ್ಲದ ಮಕ್ಕಳು, ಹಿಂದಿನ ಬೆಂಚಿನಲ್ಲಿ ಗೊತ್ತಿಲ್ಲದ ಪರೀಕ್ಷಕರು. ಮೊದಲ ಸಲ ನಾನು ಉಸಿರು ತಗೊಳ್ಳದೆ ಮೂವತ್ತೈದು ನಿಮಿಷ ಮಾತಾಡಿದೆ. ಬಹಳ ಚಲೋ ಆಯಿತು ಎಂದುಕೊಂಡೆ. ಪರೀಕ್ಷಕರು ಬರೆದದ್ದು ಬೇರೆ: ಬಾಯಿ ಒಬ್ಬರೇ ಮಾತಾಡಿದರು, ಮಕ್ಕಳು ಬಾಯಿ ಬಿಡಲು ಜಾಗವೇ ಇರಲಿಲ್ಲ. ವಿಷಯ ಹೋಯಿತು. ನಮ್ಮ ಕಡೆ ನಾಪಾಸಾದರೆ ನಾಪಾಸು ಎನ್ನುವುದಿಲ್ಲ, ವಿಷಯ ಹೋಗ್ಯದ ಎನ್ನುತ್ತಾರೆ. ಅದು ತಾನಾಗಿ ಎಲ್ಲಿಗೋ ಎದ್ದು ಹೋದ ಹಾಗೆ, ನಮ್ಮದೇನೂ ತಪ್ಪಿಲ್ಲದ ಹಾಗೆ.

ಆ ದಿನ ರಿಸಲ್ಟ್ ನೋಡಿ ಮನೆಗೆ ಬರುವಾಗ ತಿರುವಿನಲ್ಲಿ ಮಾಮಾ ಸಿಕ್ಕ. ಏನಾತು ಎಂದ. "ಹೋಗ್ಯದ ಮಾಮಾ" ಎಂದೆ. ಅವನು ಬಸ್ಸು ತಪ್ಪಿದೆ ಎಂದು ತಿಳಿದ. "ಹೋದರ ಹೋಗಲಿ. ಇನ್ನೊಂದು ಬರ್ತದ, ಅಳಬ್ಯಾಡ" ಎಂದ. ತಿಳಿದು ಹೇಳಿದ್ದರೆ ಅಷ್ಟು ಸಮಾಧಾನ ಆಗುತ್ತಿರಲಿಲ್ಲ. ಆದರೆ ಮನೆಗೆ ಹೋಗಿ ಮಾಮಿಯಿಂದ ನಿಜ ತಿಳಿದ ಮೇಲೆ ಮತ್ತೆ ತನ್ನ ಹಳೆಯ ಮಾತನ್ನೇ ಹೇಳಿದ. ಅವತ್ತು ನಾನು ಒಂದು ಆಣೆ ಮಾಡಿಕೊಂಡೆ. ಮುಂದಿನ ಪಾಠದ ಪರೀಕ್ಷೆ ಮುಗಿಯುವವರೆಗೆ "ಹೋಗ್ಯದ" ಎನ್ನುವ ಶಬ್ದ ನನ್ನ ಬಾಯಿಂದ ಹೊರಡಬಾರದು. ಆ ಮುಂದಿನದು ಎರಡನೇ ಸಲದ್ದು. ಮೂರನೇ ಸಲ ಕೂರುವ ಧೈರ್ಯ ನನಗಿರಲಿಲ್ಲ, ಕೂರು ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈ ಸಲವೂ ಕೆಟ್ಟರೆ ಕುರಿ ಕಾಯುವುದೇ. ಕುರಿಗಳಿಗೇನೂ ತಕರಾರಿರಲಿಲ್ಲ.

ಎರಡನೇ ಸಲ ನನಗೆ ಬಂದದ್ದು ನಿಲಂಗಾದ ಒಂದು ಶಾಲೆ, ಎಂಟನೇ ಇಯತ್ತೆ, ವಿಜ್ಞಾನ. ಪಾಠದ ಹೆಸರು "ಬಂದ್ ಪರಿಪಥ". ಅಂದರೆ ಕರೆಂಟು ಹರಿಯುವ ದಾರಿ ಎಲ್ಲೂ ಕಡಿಯದೆ ಸುತ್ತು ಪೂರ್ತಿ ಮುಚ್ಚಿಕೊಂಡಿರುವುದು. ಹೋದ ವರ್ಷ ಮಾತಿನಿಂದ ಕೆಟ್ಟಿದ್ದೆನಲ್ಲ, ಈ ಸಲ ಮಾತು ಕಡಿಮೆ ಮಾಡಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ತೋರಿಸುವುದು ಎಂದು ಹದಿನಾಲ್ಕು ಚಿತ್ರ ಮಾಡಿಕೊಂಡು ಹೋಗಿದ್ದೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದೆಯೇ ಎಂದು ಮೊದಲೇ ಕೇಳಿದ್ದೆ. ಇದೆ ಎಂದಿದ್ದರು. ನಡೆಯುತ್ತದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ವರ್ಗಕೋಣೆಯ ಪ್ಲಗ್ಗು ಯಾವಾಗಲೋ ಸುಟ್ಟುಹೋಗಿತ್ತು. ಹಾಗಾಗಿ ಎರಡು ಕೋಣೆ ಆಚೆಗಿರುವ ಆಫೀಸಿನಿಂದ ಉದ್ದನೆಯ ವೈರು ಕಿಟಕಿಯೊಳಗೆ ಬಂದಿತ್ತು. ಆಫೀಸಿನ ಪ್ಲಗ್ಗೂ ಸಡಿಲು. ಅದನ್ನು ಒಂದು ಬದಿಗೆ ಒತ್ತಿ ಹಿಡಿದರೆ ಮಾತ್ರ ಕರೆಂಟು ಬರುತ್ತಿತ್ತು. ಹಿಡಿಯುವ ಕೆಲಸ ಶಾಲೆಯ ಶಿಪಾಯಿ ಗುಂಡಪ್ಪ ಕಾಕಾನದು. ಮೂಲ ತುರೋರಿಯವರು, ಅರವತ್ತಕ್ಕೆ ಹತ್ತಿರ, ಕನ್ನಡದವರು. ನಾನು ಹೋದ ಕೂಡಲೇ ನನ್ನ ಮಾತಿನ ಧಾಟಿ ಗುರುತು ಹಿಡಿದು, "ನಮ್ಮ ಮಂದಿ ಇದ್ದೀರಿ ಬಾಯಾರ, ಕಾಳಜಿ ಬ್ಯಾಡ" ಎಂದಿದ್ದರು. ಕಾಳಜಿ ಮಾಡಬೇಕಾದದ್ದು ಅಲ್ಲಿಯೇ ಇತ್ತು.

ಪಾಠ ಸುರುವಾಯಿತು. ಪರೀಕ್ಷಕ ಸರ್ ಲಾತೂರ ಕಡೆಯವರು, ಕನ್ನಡ ಒಂದಕ್ಷರ ಬಾರದವರು, ಹಿಂದಿನ ಬೆಂಚಿನಲ್ಲಿ ಪೆನ್ನು ಬಿಚ್ಚಿ ಕುಂತರು. ನಾನು ಫಲಕದ ಮೇಲೆ ಪಾಠದ ಹೆಸರು ಬರೆದು, ಪ್ರೊಜೆಕ್ಟರಿನ ಗುಂಡಿ ಒತ್ತಿದೆ. ಆಫೀಸಿನಿಂದ ಕಾಕಾನ ದನಿ ಬಂತು: "ಬಂದದೇನ್ರೀ?" ಗೋಡೆಯ ಮೇಲೆ ನೀಲಿ ಬೆಳಕು ಬಿತ್ತು. ನಾನು ಖುಷಿಯಿಂದ ಕೂಗಿದೆ, "ಬಂದದ!"

ಮರುಗಳಿಗೆಗೆ ಬೆಳಕು ಆರಿತು.

ಇಲ್ಲಿ ನಮ್ಮ ಭಾಷೆಯ ಒಂದು ಗುಟ್ಟು ಹೇಳಬೇಕು. ಕರೆಂಟು ಬಂದಿದೆ ಎನ್ನುವುದಕ್ಕೆ ನಾವು "ಬಂದದ" ಎನ್ನುತ್ತೇವೆ. ಏನಾದರೂ ನಿಂತಿದೆ, ಮುಚ್ಚಿದೆ ಎನ್ನುವುದಕ್ಕೆ "ಬಂದ್ ಅದ" ಎನ್ನುತ್ತೇವೆ. ಬರೆದರೆ ನಡುವೆ ಒಂದು ಜಾಗ ಇದೆ. ಕೂಗಿದರೆ ಆ ಜಾಗ ಎರಡು ಕೋಣೆ, ಒಂದು ವರಾಂಡಾ ದಾಟುವಷ್ಟರಲ್ಲಿ ಬಿದ್ದುಹೋಗುತ್ತದೆ. ಮನೆಯಲ್ಲಿ ಎದುರುಬದುರು ನಿಂತಾಗ ಮುಖ ನೋಡಿ ತಿಳಿಯುತ್ತೇವೆ, ತೊಂದರೆಯಿಲ್ಲ. ಗೋಡೆಗೆ ಮುಖವಿಲ್ಲ. ನಾನು ಬಂದದ ಎಂದದ್ದು ಕಾಕಾನಿಗೆ ಬಂದ್ ಅದ ಎಂದು ಕೇಳಿತು. ಪಾಪ, ಪ್ಲಗ್ಗನ್ನು ಇನ್ನೊಂದು ಬದಿಗೆ ಒತ್ತಿದರು.

ಬೆಳಕು ಆರಿದ ಮೇಲೆ ನಾನು "ಬಂದ್ ಅದ, ಕಾಕಾ" ಎಂದು ಕೂಗಿದೆ. ಕಾಕಾ ಅದನ್ನು ಬಂದದ ಎಂದು ತಿಳಿದು, ಸದ್ಯ ಬಂತಲ್ಲ ಎಂದು ಹಿಡಿದ ಪ್ಲಗ್ಗನ್ನು ಹಾಗೇ ಹಿಡಿದುಕೊಂಡು ಕುಂತರು. ಎರಡು ನಿಮಿಷ ಏನೂ ಇಲ್ಲ. ಮತ್ತೆ ಕೂಗಿದೆ. ಅನುಮಾನ ಬಂದು ಮತ್ತೆ ಅಲುಗಾಡಿಸಿದರು. ಬೆಳಕು ಬಂತು, ಬಂದದ ಎಂದೆ, ಹೋಯಿತು. ಆ ಪ್ರೊಜೆಕ್ಟರು ಒಮ್ಮೆ ಆರಿದರೆ ಮತ್ತೆ ಹತ್ತಲು ನಮ್ಮೂರ ಬಸ್ಸಿನಷ್ಟು ಹೊತ್ತು ತಗೊಳ್ಳುತ್ತಿತ್ತು. ಇದೇ ಆಟ ನಾಲ್ಕು ಸಲ ನಡೆಯಿತು. ಅರ್ಧ ವರ್ಗಕ್ಕೆ ಮನೆಯಲ್ಲಿ ಕನ್ನಡ. ಆ ಮಕ್ಕಳಿಗೆ ನನಗಿಂತ ಮೊದಲೇ ಎಲ್ಲ ತಿಳಿದಿತ್ತು. ಆದರೂ ಒಬ್ಬರೂ ಹೇಳಲಿಲ್ಲ. ಓಢಣಿಯಲ್ಲಿ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು, ಕನ್ನಡ ಬಾರದ ಗೆಳತಿಯರಿಗೆ ಕಿವಿಯಲ್ಲಿ ಅನುವಾದ ಮಾಡುತ್ತಿದ್ದರು. ನಾಲ್ಕನೇ ಸಲದ ಹೊತ್ತಿಗೆ ಇಡೀ ವರ್ಗಕ್ಕೆ ಕನ್ನಡ ಬರುತ್ತಿತ್ತು, ಪರೀಕ್ಷಕರೊಬ್ಬರನ್ನು ಬಿಟ್ಟು.

"ಹೋಗ್ಯದ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾನಿಗೆ ತಕ್ಷಣ ತಿಳಿಯುತ್ತಿತ್ತು. ಆದರೆ ಆಣೆ ಮಾಡಿದ್ದೆನಲ್ಲ. ಆ ಶಬ್ದ ನಾಲಿಗೆಯ ತುದಿಗೆ ಬಂದಾಗಲೆಲ್ಲ ಹೋದ ವರ್ಷದ ರಿಸಲ್ಟು ಕಣ್ಣ ಮುಂದೆ ಬರುತ್ತಿತ್ತು, ನುಂಗಿಬಿಡುತ್ತಿದ್ದೆ. ವರ್ಗ ಬಿಟ್ಟು ಆಫೀಸಿಗೆ ಹೋಗುವಂತಿಲ್ಲ, ಪಾಠದ ನಡುವೆ ಮಕ್ಕಳನ್ನು ಹೊರಗೆ ಕಳಿಸುವಂತಿಲ್ಲ. ಚಾಲೂ ಅದ ಎನ್ನುವ ಚಲೋ ಶಬ್ದ ಒಂದಿತ್ತಲ್ಲ, ಅದನ್ನು ಅನ್ನಬಾರದೇ ಎಂದು ನೀವು ಕೇಳಬಹುದು. ಇತ್ತು. ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಯಿತು.

ಪರೀಕ್ಷಕ ಸರ್ ಗಡಿಯಾರ ನೋಡಿದರು. ಹದಿನೈದು ನಿಮಿಷ ಕರಗಿತ್ತು. ಅವರ ಕಿವಿಗೆ ನಾನು ಬೆಳಕು ಬಂದಾಗಲೂ ಬಂದ್, ಆರಿದಾಗಲೂ ಬಂದ್ ಎನ್ನುತ್ತಿದ್ದೆ. ಕೊನೆಗೆ ತಡೆಯಲಾರದೆ, ನಿಯಮದಂತೆ ಪಾಠದ ನಡುವೆ ಮಾತಾಡಬಾರದವರು, ಮಾತಾಡಿದರು. "ಬಾಯಿ, ಬಂದ್ ಮ್ಹಣಜೇ ಚಾಲೂ ಕೀ ಬಂದ್?" ಬಂದ್ ಅಂದರೆ ನಡೆಯುತ್ತಿದೆ ಅಂತಲೋ, ನಿಂತಿದೆ ಅಂತಲೋ?

ವರ್ಗ ಒಮ್ಮೆಲೇ ಹೊಟ್ಟೆ ಹಿಡಿದುಕೊಂಡಿತು. ನನಗೆ ಎದುರಿಗೆ ಮಾಮಾ ಕುಂತು ಮುಳ್ಳು ತೆಗೆಯುವುದು ಕಂಡ ಹಾಗಾಯಿತು. ಮುಖ ತಿರುಗಿಸಿ ಫಲಕದ ಕಡೆ ನೋಡಿದೆ. ಅಲ್ಲಿ ನನ್ನದೇ ರೊಟ್ಟಿ ಅಕ್ಷರದ ಮರಾಠಿಯಲ್ಲಿ ಬರೆದಿತ್ತು: ಬಂದ್ ಪರಿಪಥ. ಸರ್ ಕೇಳಿದ ಪ್ರಶ್ನೆಯೇ ನನ್ನ ಪಾಠವಾಗಿತ್ತು.

ಮಕ್ಕಳ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಕೇಳಿದೆ. ಪರಿಪಥ ಬಂದ್ ಇದ್ದರೆ ದೀಪ ಹತ್ತಿರುತ್ತದೋ, ಆರಿರುತ್ತದೋ? ಆರಿರುತ್ತದೆ ಎಂದು ಎಲ್ಲರೂ ಕೂಗಿದರು. ಅಂಗಡಿ ಬಂದ್, ಶಾಲೆ ಬಂದ್, ನಳ ಬಂದ್, ಬಂದ್ ಇದ್ದ ಮೇಲೆ ಏನು ಬರುತ್ತದೆ? ಈ ತಪ್ಪನ್ನು ಎಂಟನೇ ಇಯತ್ತೆಯಲ್ಲಿ ನಾನೂ ಮಾಡಿದ್ದೆ, ಯಾರೂ ಕೇಳಲಿಲ್ಲವಾದ್ದರಿಂದ ಬಿ.ಎಸ್ಸಿ.ವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದೆ. ಎಲ್ಲರೂ ಎದ್ದು ನಿಲ್ಲಿ, ಗೋಡೆಗುಂಟ ಕೈ ಕೈ ಹಿಡಿಯಿರಿ ಎಂದೆ. ಮೊದಲ ಹುಡುಗಿಯ ಕೈ ನಾನು ಹಿಡಿದೆ. ನಾನು ಕೈ ಒತ್ತುತ್ತೇನೆ, ಒತ್ತಿದ್ದು ಮುಂದೆ ಮುಂದೆ ಸಾಗಿ ತಿರುಗಿ ನನ್ನ ಇನ್ನೊಂದು ಕೈಗೆ ಬರಬೇಕು, ಅದೇ ಕರೆಂಟು.

ಸಾಲು ಬಾಗಿಲಲ್ಲಿ ಕಡಿಯಿತು. ಒಬ್ಬರು ಕಮ್ಮಿ ಬಿದ್ದರು. ಅಷ್ಟರಲ್ಲಿ, ಇಷ್ಟು ಹೊತ್ತು ಕೂಗೇ ಇಲ್ಲವಲ್ಲ ಎಂದು ಗುಂಡಪ್ಪ ಕಾಕಾ ತಾವೇ ಬಾಗಿಲಿಗೆ ಬಂದು ನಿಂತರು. "ಬಾಯಾರ, ಬಂದದೋ ಬಂದ್ ಅದೋ, ಒಂದ್ ಸಲ ಸರಿಯಾಗಿ ಹೇಳ್ರೀ. ನನ್ನ ಕೈ ಸೋತಾವ" ಎಂದರು. ನಾನು ಅವರ ಸೋತ ಕೈ ಎರಡನ್ನೂ ಹಿಡಿದು ಎರಡು ಬದಿಯ ಮಕ್ಕಳ ಕೈಗೆ ಕೊಟ್ಟೆ. ಸುತ್ತು ಮುಚ್ಚಿತು. ಒತ್ತಿದೆ. ಗೋಡೆಗುಂಟ ಭುಜ ಭುಜ ಅಲುಗಾಡುತ್ತ ಒತ್ತು ಓಡಿತು, ಕಾಕಾನನ್ನು ದಾಟಿತು, ನನ್ನ ಎಡಗೈಗೆ ಬಂತು. ಕಾಕಾ ಕೈ ಬಿಟ್ಟರು, ನಿಂತಿತು. ಹಿಡಿದರು, ಬಂತು. ಹಿಡಿದಾಗ ಮಕ್ಕಳು "ಬಂದ್ ಅದ" ಎನ್ನುವುದು, ಒತ್ತು ಬಂದ ಕೂಡಲೇ ನಾನು "ಬಂದದ" ಎನ್ನುವುದು. ಬಂದ್ ಇದ್ದರೇನೇ ಬರುತ್ತದೆ. ಮೂರನೇ ಸುತ್ತಿಗೆ ಮರಾಠಿ ಮನೆಯ ಮಕ್ಕಳೂ ಕನ್ನಡದಲ್ಲೇ ಕೂಗುತ್ತಿದ್ದರು. ನನಗೆ ಹೆಚ್ಚು ಮಾತಾಡಲು ಜಾಗವೇ ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ.

ಗಂಟೆ ಹೊಡೆಯಿತು. ಆಗ, ಯಾರೂ ಮುಟ್ಟದೆ ಬಿಟ್ಟಿದ್ದಕ್ಕೋ ಏನೋ, ಪ್ಲಗ್ಗು ತಾನಾಗಿ ಕುಂತು ಪ್ರೊಜೆಕ್ಟರು ಹತ್ತಿಕೊಂಡಿತು. ನನ್ನ ಹದಿನಾಲ್ಕು ಚಿತ್ರಗಳಲ್ಲಿ ಮೊದಲನೆಯದು ಗೋಡೆಯ ಮೇಲೆ ನಿಂತಿತು, ಮದುವೆ ಊಟ ಮುಗಿದ ಮೇಲೆ ಬಂದ ಬೀಗರ ಹಾಗೆ. ಇಡೀ ವರ್ಗ ಒಂದೇ ದನಿಯಲ್ಲಿ ಬಂದದ ಎಂದಿತು. ಪರೀಕ್ಷಕ ಸರ್ ಏನೋ ಬರೆದರು. ಪರೀಕ್ಷಕರ ಎದುರು ನಿಂತು ತಲೆಕೆಳಗಾದ ಬರಹ ಓದುವುದನ್ನು ನಾನು ಎರಡು ವರ್ಷದಿಂದ ಅಭ್ಯಾಸ ಮಾಡಿದ್ದೆ. ಓದಿದೆ: ಸಾಧನ ಬಂದ್, ಪಾಠ ಚಾಲೂ. ವರಾಂಡಾಕ್ಕೆ ಹೋಗಿ ಕಾಕಾನ ಪಕ್ಕ ಕುಂತೆ. ಅವರು ನೀರು ಕೊಟ್ಟರು. ಇನ್ನೂ ಬೇಕೇನು ಎಂದು ಕೈಸನ್ನೆಯಲ್ಲೇ ಕೇಳಿದರು, ಮಾತಾಡಿದರೆ ಮತ್ತೆ ತಪ್ಪು ತಿಳಿದೇವು ಎಂದು.

ಪಾಸಾದದ್ದು ಮೊಬೈಲಿನಲ್ಲಿ ಬಂತು. ಮಾಮಾ ನಂಬಲಿಲ್ಲ. ಮೊಬೈಲಿನಾಗ ಏನ್ ಬೇಕಾದರೂ ಬರ್ತದ, ಕಾಗದ ತೋರಿಸು ಎಂದ. ಕಾಗದ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಒಂದು ದಿನ ಉದಗೀರದ ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಕ್ಲರ್ಕು ಶೇಂಗಾ ತಿನ್ನುತ್ತ, ಇಲ್ಲಿ ಸಹಿ ಮಾಡ್ರಿ ಎಂದು ಹೇಳಿ, ಪ್ರಮಾಣಪತ್ರವನ್ನು ಈಚೆಗೆ ಸರಿಸಿದ. ಒಂದು ಶೇಂಗಾ ಸಿಪ್ಪೆಯೂ ಜೊತೆಗೆ ಬಂತು. ಅದನ್ನು ಊದಿ ತೆಗೆದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದೆ. ಕಂಡಕ್ಟರು ಟಿಕೀಟು ಕೊಟ್ಟರೆ ಹಿಡಿಯಲು ಕೈ ಇರಲಿಲ್ಲ.

ವಲಾಂಡಿಯ ತಿರುವಿನಲ್ಲಿ ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ನಡುವೆ ಕಂಬಳಿ ಹೊದ್ದು ಮಾಮಾ. ನಾನು ಅಲ್ಲೇ ಇಳಿದು, ಕುರಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಪ್ರಮಾಣಪತ್ರ ಅವನ ಮುಂದೆ ಹಿಡಿದೆ. ಅವನು ಕೈಯನ್ನು ಕಂಬಳಿಗೆ ಒರೆಸಿಕೊಂಡ, ಹಿಂದೆ ಮುಂದೆ ಎರಡು ಸಲ ಒರೆಸಿಕೊಂಡು ಆಮೇಲೆ ತಗೊಂಡ. ನಮ್ಮ ಕಡೆಯ ಇಂಥ ಕಾಗದಗಳಲ್ಲಿ ತಾಯಿಯ ಹೆಸರೂ ಇರುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ನಮ್ಮ ಅಕ್ಕನ ಹೆಸರು ಎಲ್ಲದ ಎಂದು ಕೇಳಿದ. ಬೆರಳಿಟ್ಟು ತೋರಿಸಿದೆ. ನನ್ನ ಬೆರಳು ತೆಗೆದ ಮೇಲೆ ಆ ಜಾಗದಲ್ಲಿ ತನ್ನ ಹೆಬ್ಬೆರಳು ಇಟ್ಟು, ಒತ್ತದೆ, ಹಾಗೇ ನಿಂತ.

ಹಿಂದೆ ಡ್ರೈವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾಕ ಮಾಮಾ, ರಸ್ತಾ ಬಂದ್ ಅದ ಏನು?"

ಮಾಮಾ ಕಾಗದದಿಂದ ಕಣ್ಣು ಎತ್ತಲಿಲ್ಲ. ಬಾಯಿಯೊಳಗೇ ಹೇಳಿದ, "ಬಾಯಿ ಬಂದದ."

ಮನೆಗೆ ಒಬ್ಬ ಬಾಯಿ ಬಂದಳು ಎಂದನೋ, ಇಷ್ಟು ವರ್ಷ ಆಡಿದ ತನ್ನ ಬಾಯಿ ಇವತ್ತಿಗೆ ಬಂದ್ ಆಯಿತು ಎಂದನೋ, ನನಗೆ ತಿಳಿಯಲಿಲ್ಲ. ಎರಡು ಕೋಣೆ ಆಚೆಯೂ ಅಲ್ಲ, ಮಗ್ಗುಲಲ್ಲೇ ನಿಂತಿದ್ದೆ, ಮುಖವೂ ಕಾಣುತ್ತಿತ್ತು. ಆದರೆ ಆ ಮುಖ ನೋಡಿದರೆ ಎರಡೂ ಹೌದೆನಿಸುತ್ತಿತ್ತು. ಹಾಳು ಬಾಯಿ ಸುಮ್ಮನಿರಬೇಕಲ್ಲ, ಕೇಳಿಬಿಟ್ಟೆ, ಯಾವ ಬಾಯಿ ಮಾಮಾ, ಬಂದದೋ, ಬಂದ್ ಅದೋ?

ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು, ಕುರಿಗಳನ್ನು ರಸ್ತೆಯಿಂದ ಈಚೆಗೆ ಹೊಡೆಯುತ್ತ ಹೇಳಿದ:

"ಬಿ.ಎಡ್. ಮಾಡಿದಾಕಿ ನೀ. ನೀನೇ ಹೇಳು."